ಒಂದು ಸಾಲು, 47 ಮೆಗಾಬೈಟ್

ಎರಡು ಸಂಖ್ಯೆಗಳಲ್ಲಿ ಚಿಕ್ಕದು ಯಾವುದು? ಒಂದನೇ ಕ್ಲಾಸಿನ ಲೆಕ್ಕ. 2024ರ ಜುಲೈನಲ್ಲಿ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು, ಸಿ ಭಾಷೆಯಲ್ಲಿದೆ) ಬರೆಯುವವರು ಇದೇ ಲೆಕ್ಕಕ್ಕೆ ತಲೆ ಕೆಡಿಸಿಕೊಂಡಿದ್ದರು. ಒಂದೇ ಯಂತ್ರದಲ್ಲಿ ಹಲವು ಆಪರೇಟಿಂಗ್ ಸಿಸ್ಟಂ ಓಡಿಸುವ ಕ್ಸೆನ್‌ಗೆ ಸಂಬಂಧಪಟ್ಟ ಒಂದು ಫೈಲು, ಅದರಲ್ಲಿ ಒಂದೇ ಒಂದು ಸಾಲು. ಕಂಪೈಲ್ ಆಗುವ ಮೊದಲು ಮ್ಯಾಕ್ರೋ ಬಿಡಿಸುವ ಪ್ರಿಪ್ರೊಸೆಸರ್ ಅದನ್ನು ಬಿಡಿಸಿ ಹರಡಿದರೆ 47 ಮೆಗಾಬೈಟ್. ಫೋಟೋ ಅಲ್ಲ, ಹಾಡಲ್ಲ, ಬರೀ ಅಕ್ಷರ!

ಮ್ಯಾಕ್ರೋ ಅಂದರೆ ಹೆಸರಿನ ಜಾಗಕ್ಕೆ ಕೋಡ್ ತುಂಬುವ ಅಚ್ಚು. ಕಾಲೇಜಿನಲ್ಲಿ ಕಲಿತ, ಚಿಕ್ಕದನ್ನು ಆರಿಸುವ ಮಿನ್ ಮ್ಯಾಕ್ರೋ ನೆನಪಿದೆಯಾ? ಎ ಚಿಕ್ಕದಾದರೆ ಎ, ಇಲ್ಲದಿದ್ದರೆ ಬಿ. ಮ್ಯಾಕ್ರೋಗೆ ಬುದ್ಧಿ ಇಲ್ಲ, ಕೊಟ್ಟದ್ದನ್ನು ಹಾಗೇ ತಂದು ಅಂಟಿಸುತ್ತದೆ. ಎ ಜಾಗದಲ್ಲಿ ಐ ಪ್ಲಸ್ ಪ್ಲಸ್ (ಐ ಅನ್ನು ಒಂದು ಏರಿಸು) ಕೊಟ್ಟಿರೋ, ಎರಡು ಕಡೆ ಅಂಟಿಕೊಳ್ಳುತ್ತದೆ. ಚಿಕ್ಕದು ಅದೇ ಆಗಿದ್ದರೆ ಐ ಎರಡು ಸಲ ಏರುತ್ತದೆ.

ಕರ್ನಲ್‌ನವರು ಇದಕ್ಕೆ ಮದ್ದು ಮಾಡಿಕೊಂಡಿದ್ದರು. ಟೈಪ್ (ಸಂಖ್ಯೆಯ ಬಗೆ) ಯಾವುದೆಂದು ಹೇಳುವ ಟೈಪ್‌ಆಫ್ ಬಳಸಿ ಎರಡನ್ನೂ ಮೊದಲು ಬೇರೆ ವೇರಿಯಬಲ್‌ಗಳಿಗೆ ಹಾಕಿ, ಆಮೇಲೆ ಹೋಲಿಸುವುದು. ಟೈಪ್ ಬೇರೆ ಬೇರೆ ಇದ್ದರೆ ಕಂಪೈಲರ್ ಗೊಣಗುವಂತೆಯೂ ಮಾಡಿದ್ದರು. ಅದು ಬೇಕೇ ಬೇಕು. ಮೈನಸ್ ಒಂದನ್ನು ಅನ್‌ಸೈನ್ಡ್ (ಮೈನಸ್ ಇಲ್ಲದ ಬಗೆಯ) ಒಂದರ ಜೊತೆ ಹೋಲಿಸಿ ನೋಡಿ. 32 ಬಿಟ್ ಇಂಟ್‌ನಲ್ಲಿ ಆ ಮೈನಸ್ ಒಂದು 4294967295 ಆಗಿಬಿಡುತ್ತದೆ. ಚಿಕ್ಕದು ಯಾವುದು ಅಂದರೆ ಸಿ ಭಾಷೆ ಧೈರ್ಯವಾಗಿ ‘ಒಂದು’ ಅನ್ನುತ್ತದೆ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಅರೇಯ ಅಳತೆ ಬರೆಯುವ ಕಡೆಯೂ ಅದೇ ಮಿನ್ ಬೇಕು ಅಂದರು. ಅಲ್ಲಿ ಬೇಕಾದದ್ದು ಕಾನ್‌ಸ್ಟಂಟ್ (ಕಂಪೈಲ್ ಆಗುವಾಗಲೇ ಗೊತ್ತಿರುವ ಬೆಲೆ), ವೇರಿಯಬಲ್ ಆಟ ನಡೆಯುವುದಿಲ್ಲ. ಕೊಟ್ಟದ್ದು ಕಾನ್‌ಸ್ಟಂಟ್ ಹೌದೋ ಅಲ್ಲವೋ ಪತ್ತೆ ಹಚ್ಚಲು 2018ರಲ್ಲಿ ಮಾರ್ಟಿನ್ ಊಕರ್ ಎಂಬವರು ಒಂದು ಉಪಾಯ ಕೊಟ್ಟರು. ಸೊನ್ನೆಯಿಂದ ಗುಣಿಸಿ, ವಾಯ್ಡ್ ಪಾಯಿಂಟರ್ (ಬಗೆ ಹೇಳದ ವಿಳಾಸ) ಮಾಡಿ, ಕೊನೆಗೆ ಗಾತ್ರ ಹೇಳುವ ಸೈಜ್‌ಆಫ್ ನೋಡುವುದು. ಮೊದಲ ಸಲ ಓದಿದಾಗ ಕೈ ಮುಗಿಯಬೇಕೋ ಎದ್ದು ಓಡಬೇಕೋ ನನಗೆ ತಿಳಿಯಲಿಲ್ಲ. ಅದರ ಮೇಲೆ ಸೈನ್ಡ್ ಅನ್‌ಸೈನ್ಡ್ ತಪಾಸಣೆಗಳೂ ಬಂದವು.

ಪ್ರತಿ ತಪಾಸಣೆಗೂ ಆರ್ಗ್ಯುಮೆಂಟನ್ನು (ಮ್ಯಾಕ್ರೋಗೆ ಕೊಟ್ಟದ್ದನ್ನು) ಮತ್ತೆ ಅಂಟಿಸಬೇಕು. ಸುಮ್ನೆ ಲೆಕ್ಕಕ್ಕೆ ಹತ್ತು ಸಲ ಅಂದುಕೊಳ್ಳಿ. ಮಿನ್ ಒಳಗೊಂದು ಮಿನ್ ಇದ್ದರೆ ನೂರು. ಅದರೊಳಗೆ ಇನ್ನೊಂದಿದ್ದರೆ ಸಾವಿರ. ಆ ಕ್ಸೆನ್ ಸಾಲಿನಲ್ಲಿ ಮೂರರಲ್ಲಿ ಚಿಕ್ಕದನ್ನು ಹುಡುಕುವ ಮ್ಯಾಕ್ರೋ ಇತ್ತು, ಅದರ ಹೊಟ್ಟೆಯಲ್ಲಿ ಮತ್ತೊಂದು ಮಿನ್. ಮುಗಿಯಿತಲ್ಲ ಕಥೆ!

ಮ್ಯಾಕ್ರೋ ಬದಲು ಇನ್‌ಲೈನ್ ಫಂಕ್ಷನ್ ಬರೆದರೆ ಆಗಲ್ವಾ ಅಂತ ಕೇಳಬಹುದು. ಇಂಟ್‌ಗೊಂದು, ಲಾಂಗ್‌ಗೊಂದು, 64 ಬಿಟ್‌ಗೊಂದು ಬರೆಯುತ್ತಾ ಕೂರಬೇಕು. ಕಾನ್‌ಸ್ಟಂಟ್ ಬೇಕಾದ ಕಡೆ ಅದೂ ನಡೆಯಲ್ಲ.

ಕೊನೆಗೆ ಲಿನಕ್ಸ್ ಹುಟ್ಟಿಸಿದ ಲೈನಸ್ ಟೊರ್ವಾಲ್ಡ್ಸ್ ಅವರೇ ಕೈ ಹಾಕಿದರು. ಕ್ಸೆನ್ ಸಾಲನ್ನು ಬಿಡಿಬಿಡಿಯಾಗಿ ಬರೆದರು. ಕಾನ್‌ಸ್ಟಂಟ್ ಬೇಕಾದವರಿಗೆ ದೊಡ್ಡಕ್ಷರದ ಮಿನ್, ಮ್ಯಾಕ್ಸ್ ಬೇರೆ ಕೊಟ್ಟರು. ಅದು ನಮ್ಮ ಕಾಲೇಜಿನ ಮ್ಯಾಕ್ರೋನೇ, ಕಾನ್‌ಸ್ಟಂಟ್‌ಗೆ ಅದು ಧಾರಾಳ ಸಾಕು. ಚಿಕ್ಕಕ್ಷರದ ಮಿನ್‌ಗೆ ಕಾನ್‌ಸ್ಟಂಟ್ ಹೊರೆ ತಪ್ಪಿತು, ಟೈಪ್ ತಪಾಸಣೆ ಮಾತ್ರ ಉಳಿಯಿತು. ಇದೆಲ್ಲ ಕರ್ನಲ್‌ನ 6.11 ಆವೃತ್ತಿಗೆ ಸೇರಿತು. ತಮಾಷೆ ಏನೆಂದರೆ, ಎಷ್ಟೋ ಡ್ರೈವರ್‌ಗಳು ಆಗಲೇ ತಮ್ಮದೇ ದೊಡ್ಡಕ್ಷರದ ಮಿನ್ ಬರೆದಿಟ್ಟುಕೊಂಡಿದ್ದವು. ಅವನ್ನೂ ಗುಡಿಸಬೇಕಾಯಿತು. ಬೇಡಿಕೆ ಎಲ್ಲಿತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ?

ಒಂದೇ ಕೆಲಸಕ್ಕೆ ಎರಡು ಹೆಸರು ಅಂತ ಕೆಲವರಿಗೆ ಕಸಿವಿಸಿ. ನನ್ನ ಪ್ರಕಾರ ಅವು ಎರಡು ಕೆಲಸಗಳೇ, ಒಂದೇ ಅಂದುಕೊಂಡದ್ದರಿಂದಲೇ ಇಷ್ಟೆಲ್ಲ ಆಯಿತು. ಹಾಗಂತ ಸರಳ ಮಾಡುತ್ತೇನೆ ಅಂತ ಟೈಪ್ ತಪಾಸಣೆ ಕಿತ್ತುಹಾಕುವವರನ್ನೂ ನಾನು ಒಪ್ಪಲ್ಲ. ಆ ಮೈನಸ್ ಒಂದು ಎಲ್ಲೂ ಹೋಗಿಲ್ಲ, ಅಲ್ವಾ?

ಇವತ್ತು ನಿಮ್ಮ ಪ್ರಾಜೆಕ್ಟಿನ ದೊಡ್ಡ ಫೈಲೊಂದನ್ನು ತೆಗೆದುಕೊಳ್ಳಿ. ಸಿ ಕಂಪೈಲರ್ ಜಿಸಿಸಿಗೆ ಮೈನಸ್ ಇ ಕೊಡಿ, ಇ ದೊಡ್ಡಕ್ಷರ. ಪ್ರಿಪ್ರೊಸೆಸರ್ ಬಿಡಿಸಿದ್ದು ಸಿಗುತ್ತದೆ. ಬಂದ ಫೈಲಿನಲ್ಲಿ ಎಲ್ಲಕ್ಕಿಂತ ಉದ್ದದ ಸಾಲು ಯಾವುದು ಹುಡುಕಿ, ಎಷ್ಟು ಉದ್ದ ಅಂತ ಕಾಮೆಂಟಿನಲ್ಲಿ ಹಾಕಿ. ಒಂದು ಮೆಗಾಬೈಟ್ ದಾಟಿದರೆ ನನಗೆ ನೇರವಾಗಿ ಮೆಸೇಜ್ ಮಾಡಿ.