ಕಿಂಡಿಯ ಫೋಟೋ ಬಲಕ್ಕೆ, ಮಾತು ಎಡಕ್ಕೆ

ಕೇಳುಗರಿಗೆ ನಮಸ್ಕಾರ.

ಚಿತ್ರದುರ್ಗದ ಕೋಟೆ ಹತ್ತಿದವರು ಫೋನ್ ತುಂಬ ಫೋಟೋ ತೆಗೆದುಕೊಂಡೇ ಇಳಿಯುತ್ತಾರೆ, ಅಲ್ವಾ? ನಾನೂ ಅಷ್ಟೇ. ಓಬವ್ವನ ಕಿಂಡಿ, ಅಕ್ಕ ತಂಗಿ ಹೊಂಡ, ಏಕನಾಥೇಶ್ವರಿ ಗುಡಿ. ಆದರೆ ಫೋಟೋ ಒಂದು ಕಡೆ, ಅದರ ಬಗ್ಗೆ ಬರೆದದ್ದು ಇನ್ನೊಂದು ಕಡೆ ಇದ್ದರೆ ಆರು ತಿಂಗಳಿಗೆ ಯಾವುದು ಏನೆಂದೇ ಮರೆತುಹೋಗುತ್ತದೆ. ಅದಕ್ಕೇ ನಾನು ಟಿಡ್ಲಿವಿಕಿ ಹಿಡಿದೆ, ಬ್ರೌಸರಿನಲ್ಲೇ ತೆರೆದು ಟಿಪ್ಪಣಿ ಬರೆದಿಡುವ ತಂತ್ರಾಂಶ. ಜೆರೆಮಿ ರಸ್ಟನ್ 2004ರಲ್ಲಿ ಶುರು ಮಾಡಿದ್ದು. ದುಡ್ಡು ಕೊಡಬೇಕಿಲ್ಲ. ಇಡೀ ವಿಕಿ ಒಂದೇ ಎಚ್‌ಟಿಎಂಎಲ್ ಫೈಲು, ಪೆನ್‌ಡ್ರೈವ್‌ನಲ್ಲಿ ಹಾಕಿ ಜೇಬಿಗಿಳಿಸಬಹುದು.

ಫೋಟೋವನ್ನು ಎಳೆದು ಅದರೊಳಗೆ ಬಿಟ್ಟರೆ ಸೇರಿಕೊಳ್ಳುತ್ತದೆ. ಆದರೆ ಅಕ್ಷರಗಳಾಗಿ ಬದಲಾಗಿ ಕೂರುವುದರಿಂದ ಮೂರನೇ ಒಂದು ಪಾಲು ಉಬ್ಬುತ್ತದೆ. 3 ಎಂಬಿ ಫೋಟೋ 4 ಎಂಬಿ ಆಗುತ್ತದೆ. 50 ಫೋಟೋ ಹಾಕಿದರೆ ಫೈಲು ತೆರೆಯಲು ಒದ್ದಾಡುತ್ತದೆ. ಹಾಗಾಗಿ ಫೋಟೋ ಪಕ್ಕದ ಫೋಲ್ಡರಿನಲ್ಲಿರಲಿ, ಟಿಪ್ಪಣಿಯಲ್ಲಿ ಅದರ ವಿಳಾಸ ಮಾತ್ರ ಇರಲಿ.

ನಾನು ಎಡವಿದ್ದು ಇಲ್ಲೇ. ವಿಳಾಸ, ಅಗಲ, ಬದಿ ಎಲ್ಲವನ್ನೂ ಪ್ರತಿ ಟಿಪ್ಪಣಿಯಲ್ಲೂ ಕೈಯಾರೆ ಬರೆದಿದ್ದೆ. ಒಂದು ದಿನ ಸುಮ್ನೆ ಫೋಲ್ಡರಿನ ಹೆಸರು ಬದಲಿಸಿದೆ. ಕಿಂಡಿ ಇದ್ದ ಕಡೆ ಮುರಿದ ಚಿತ್ರದ ಗುರುತು. ಎಲ್ಲ ಟಿಪ್ಪಣಿಯಲ್ಲೂ ಅದೇ ಕಥೆ. ಸರಿ ಮಾಡಲು ಎರಡು ಭಾನುವಾರ ಹೋದವು.

ಆಮೇಲೆ ಮ್ಯಾಕ್ರೋ ಕಲಿತೆ. ಮಂಡಿಯ ರಸೀದಿ ಪುಸ್ತಕ ನೋಡಿದ್ದೀರಲ್ಲ? ಅಂಗಡಿ ಹೆಸರು, ಗೆರೆ ಎಲ್ಲ ಅಚ್ಚಾಗಿರುತ್ತದೆ, ನಾವು ಖಾಲಿ ಜಾಗ ತುಂಬುತ್ತೇವೆ. ಮ್ಯಾಕ್ರೋ ಅಂದರೆ ಅದೇ. ಹಿಂದಕ್ಕೆ ವಾಲಿದ ಓರೆಗೆರೆ, ಅದಕ್ಕಂಟಿ ಡಿಫೈನ್, ಆಮೇಲೆ ಮ್ಯಾಕ್ರೋದ ಹೆಸರು. ನನ್ನದರ ಹೆಸರು ಪಟ. ಆವರಣದಲ್ಲಿ ನಾಲ್ಕು ಖಾಲಿ ಜಾಗ: ಫೋಟೋ, ಅಗಲ, ಬದಿ, ಅಡಿಬರಹ. ಈ ನಾಲ್ಕರ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಇಡಿ. ಕೆಳಗೆ, ಚಿತ್ರ ತೋರಿಸುವ ಸಾಲಿನಲ್ಲಿ, ಅವನ್ನು ಬಳಸುವಾಗ ಎರಡೂ ಕಡೆ ಡಾಲರ್ ಗುರುತು. ಫೋಲ್ಡರಿನ ವಿಳಾಸ ಇರುವುದು ಇಲ್ಲಿ, ಈ ಒಂದೇ ಸಾಲಿನಲ್ಲಿ. ಕೊನೆಗೆ ಇದನ್ನು ಬರೆದ ಟಿಡ್ಲರಿಗೆ, ಅಂದರೆ ಆ ಟಿಪ್ಪಣಿಗೆ, ಒಂದು ಟ್ಯಾಗ್ ಬೇಕು, ಇಂಗ್ಲಿಷಿನಲ್ಲೇ ಬರೆದುಕೊಳ್ಳಿ: ಡಾಲರ್, ಕೋಲನ್, ಮುಂದಕ್ಕೆ ವಾಲಿದ ಓರೆಗೆರೆ, ಟ್ಯಾಗ್ಸ್, ಮತ್ತೆ ಅದೇ ಓರೆಗೆರೆ, ಮ್ಯಾಕ್ರೋ. ಆಗ ಅದು ಇಡೀ ವಿಕಿಗೆ ಸಿಗುತ್ತದೆ.

ಅಗಲವನ್ನು ಪಿಕ್ಸೆಲ್‌ನಲ್ಲಿ ಹೇಳಬೇಡಿ, ಶೇಕಡಾದಲ್ಲಿ ಹೇಳಿ. ಮೊಬೈಲಿನಲ್ಲೂ ಚಿತ್ರ ಆಚೆ ಚಾಚುವುದಿಲ್ಲ. ಕಿಂಡಿಯ ಫೋಟೋ ಉದ್ದ, ಸಪೂರ. ಅದಕ್ಕೆ ಶೇ. 30 ಸಾಕು. ಬಲಕ್ಕೆ ನಿಲ್ಲಿಸಿದರೆ ಓಬವ್ವನ ಮಾತು ಎಡಗಡೆ ಹರಿಯುತ್ತದೆ. ಕೋಟೆ ಗೋಡೆಯ ಫೋಟೋಗೆ ಮಾತ್ರ ಪೂರ್ತಿ ಅಗಲ ಕೊಡಿ, ಕುಗ್ಗಿಸಿದರೆ ಆ ಕಲ್ಲುಗಳ ಗಾತ್ರವೇ ಕಾಣುವುದಿಲ್ಲ.

ಚಂದ್ರವಳ್ಳಿಯಲ್ಲಿ ಮಯೂರಶರ್ಮನ ಶಾಸನ ಇದೆ, ಕೆರೆಯ ವಿಷಯ ಹೇಳುವಂಥದ್ದು. ಅದರ ಫೋಟೋ ನನ್ನ ಹತ್ತಿರ ಒಂದೇ. ಕದಂಬರ ಟಿಪ್ಪಣಿಯಲ್ಲಿ ಅದು ಚಿಕ್ಕದಾಗಿ ಎಡಕ್ಕಿದೆ. ಕೆರೆಗಳ ಟಿಪ್ಪಣಿಯಲ್ಲಿ ಅದೇ ಫೋಟೋ ಅಕ್ಷರ ಕಾಣುವಷ್ಟು ದೊಡ್ಡದಾಗಿದೆ. ಹೋದ ವಾರ ಫೋಲ್ಡರನ್ನು ಮತ್ತೆ ಬೇರೆ ಕಡೆಗೆ ಸಾಗಿಸಿದೆ. ಆ ಒಂದು ಸಾಲು ತಿದ್ದಿದೆ. ಎರಡೂ ಕಡೆ ಶಾಸನ ಹಾಗೇ ಕಾಣುತ್ತಿತ್ತು.