ಗೇಟಿನ ಬೋರ್ಡು ನಿಮ್ಮ ಹುದ್ದೆಯದ್ದಾ, ನಿಮ್ಮದಾ?

ನಮಸ್ಕಾರ. ಇವತ್ತಿನ ಮಾತು ಕೆಲಸದ ಬಗ್ಗೆ. ಸರಿಯಾಗಿ ಹೇಳಬೇಕಂದ್ರೆ, ಕೆಲಸ ಮುಗಿದ ಮೇಲೂ ನಮ್ಮನ್ನು ಬಿಡದೆ ಅಂಟಿಕೊಂಡಿರುವ ಆ ಹುದ್ದೆಯ ಬಗ್ಗೆ.

ಕೊಡಗಿನಲ್ಲಿ ಯಾವ ರಸ್ತೆಯಲ್ಲಾದರೂ ಹೋಗಿ, ತೋಟದ ಗೇಟುಗಳನ್ನು ನೋಡುತ್ತಾ ಹೋಗಿ. ಕರ್ನಲ್ ಇಂಥವರು, ನಿವೃತ್ತ. ಸುಬೇದಾರ್ ಇಂಥವರು, ನಿವೃತ್ತ. ಸೇನೆಗೆ ಇಷ್ಟು ಜನರನ್ನು ಕೊಟ್ಟ ಜಿಲ್ಲೆ, ಹೆಮ್ಮೆ ಇರಲಿ, ತಪ್ಪೇನಿಲ್ಲ. ಆದರೆ ಈಗ ಬ್ಯಾಂಕಿನವರ, ಎಂಜಿನಿಯರ್‌ಗಳ ಬೋರ್ಡೂ ಶುರುವಾಗಿದೆ. ನಮ್ಮ ಕಾರಿಯಪ್ಪನವರು ಸೇನೆಯಿಂದ ನಿವೃತ್ತರಾಗಿದ್ದು 1953ರಲ್ಲಿ, ಫೀಲ್ಡ್ ಮಾರ್ಷಲ್ ಆಗಿದ್ದು 1986ರಲ್ಲಿ. ಆ ಪದವಿಗೆ ನಿವೃತ್ತಿಯೇ ಇಲ್ಲ, ಸಾಯುವವರೆಗೂ ಇರುತ್ತದೆ. ಸ್ವತಂತ್ರ ಭಾರತದಲ್ಲಿ ಅದು ಸಿಕ್ಕಿದ್ದು ಇಬ್ಬರಿಗೆ ಮಾತ್ರ. ನಾವು ಆ ಇಬ್ಬರಲ್ಲಿ ಇಲ್ಲ, ಅಲ್ವಾ? ನಮ್ಮ ಹುದ್ದೆ ಒಂದು ದಿನ ಹೋಗಿಯೇ ಹೋಗುತ್ತದೆ.

ತಮಾಷೆ ಏನಂದ್ರೆ, ಹುದ್ದೆಗೆ ಜಾಸ್ತಿ ಬೆಲೆ ಕೊಡದ ಒಂದು ಪದ್ಧತಿ ನಮ್ಮಲ್ಲಿ ಮೊದಲಿಂದಲೂ ಇದೆ. ಬೆಂಗಳೂರಿನಲ್ಲಿ ಹೊಸಬರು ಸಿಕ್ಕರೆ ಮೊದಲು ಕೇಳುವುದು 'ಯಾವ ಕಂಪನಿ?' ಅಂತ. ಇಲ್ಲಿ ಹಿರಿಯರು ಕೇಳುವುದು 'ಯಾವ ಮನೆಯವರು?' ಅಂತ. ಕೆಲಸದ ಪ್ರಶ್ನೆ ಬರುತ್ತದೆ, ಕಾಫಿ ಲೋಟ ಕೈಗೆ ಬಂದ ಮೇಲೆ.

ಕೊಡವ ಹಾಕಿ ಹಬ್ಬ ನೋಡಿದವರಿಗೆ ಇದು ಚೆನ್ನಾಗಿ ಗೊತ್ತು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದಾಗ 60 ಕುಟುಂಬಗಳ ತಂಡ ಬಂದಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360, ಆಗ ಅದು ಗಿನ್ನೆಸ್ ದಾಖಲೆ. ಅಲ್ಲಿ ತಂಡ ಅಂದರೆ ಒಕ್ಕ, ಒಂದೇ ಮನೆತನದವರು, ಅಷ್ಟೇ. ಕಂಪನಿಯಲ್ಲಿ ನೂರು ಜನರ ಮೇಲೆ ಅಧಿಕಾರ ಮಾಡುವವರು ಬೆಂಚಿನಲ್ಲಿ ಕೂತು ನೀರಿನ ಬಾಟಲಿ ಹಿಡಿದಿರುತ್ತಾರೆ. ಕಾಲೇಜಿಗೆ ಹೋಗುವ ಅಣ್ಣನ ಮಗಳು ಒಳಗೆ ಫಾರ್ವರ್ಡ್ ಆಡುತ್ತಿರುತ್ತಾಳೆ. ಆಮೇಲೆ ಇವರ ಸರದಿ ಬಂದು, ಬಾಲು ಕಾಲ ಸಂದಿಯಲ್ಲಿ ನುಗ್ಗಿ ಹೋದರೆ, ಗ್ಯಾಲರಿಯಿಂದ ಅಜ್ಜಿ ಬೈಯುವ ಬೈಗುಳಕ್ಕೆ ಹುದ್ದೆ ಲೆಕ್ಕಕ್ಕಿಲ್ಲ. ಹುದ್ದೆ ಹೇಳಿಕೊಂಡರೆ ಇನ್ನೂ ನಾಲ್ಕು ಜಾಸ್ತಿ ಬೀಳುತ್ತದೆ.

ನನ್ನ ವಾದ ಇಷ್ಟೇ. ಆರು ಗಂಟೆಗೆ ಲ್ಯಾಪ್‌ಟಾಪ್ ಮುಚ್ಚಿದರೆ ಸಾಲದು. ನಿಮ್ಮ ಕೆಲಸ ಏನು ಅಂತ ಯಾರೂ ಕೇಳದ ಒಂದು ಜಾಗ ಬೇಕು. ಅಲ್ಲಿ ನಿಮ್ಮ ಬಗ್ಗೆ ಬೇರೆ ಏನಾದರೂ ಗೊತ್ತಿರಬೇಕು, ಡ್ರಿಬ್ಲಿಂಗ್ ಕೆಟ್ಟದು ಅನ್ನುವುದಾದರೂ ಸರಿ.

ಕೆಲಸವೇ ಮನೆಯೊಳಗೆ ಬಂದವರ ಗತಿ? ಹೋಂಸ್ಟೇ ನಡೆಸುವವರನ್ನು ಕೇಳಿ. ನಮ್ಮ ಪಕ್ಕದ ಮನೆಯ ಅಕ್ಕ ಒಂದು ದಿನ ಫೋನ್ ತಂದು ತೋರಿಸಿದರು. ಗೆಸ್ಟ್ ಒಬ್ಬರು ಬರೆದಿದ್ದಾರೆ: ಕಡಂಬುಟ್ಟು ಸೂಪರ್, ಪಂದಿ ಕರಿ ಸೂಪರ್, ಆದರೆ ಆಂಟಿ ನಗುವುದಿಲ್ಲ, ಮೂರು ಸ್ಟಾರ್. ಅಕ್ಕ ಅಂದರು, 'ಅಡುಗೆಗೆ ಕಮ್ಮಿ ಕೊಟ್ಟಿದ್ರೆ ಸುಮ್ನೆ ಇರ್ತಿದ್ದೆ. ನನ್ನ ಮುಖಕ್ಕೆ ಯಾಕೋ ಮಾರ್ಕ್ಸ್?'

ನೋಡಿ, ಆಫೀಸಿನಲ್ಲಿ ಅಪ್ರೈಸಲ್ ಆದರೆ ಮನೆಗೆ ಬಂದು ಮರೆಯಬಹುದು. ಮನೆಗೇ ಅಪ್ರೈಸಲ್ ಆದರೆ ಎಲ್ಲಿಗೆ ಹೋಗುವುದು? ಅಕ್ಕ ಈಗ ಎರಡು ನಿಯಮ ಮಾಡಿದ್ದಾರೆ. ಅಡುಗೆಮನೆ ಹೊಸಿಲು ದಾಟಿ ಗೆಸ್ಟ್ ಬರುವ ಹಾಗಿಲ್ಲ. ಹೊಸ ಭತ್ತದ ಕದಿರು ಮನೆಗೆ ತರುವ ಹುತ್ತರಿ ಹಬ್ಬಕ್ಕೆ ಬುಕಿಂಗ್ ಇಲ್ಲ. ಹುತ್ತರಿಗೆ ಒಳ್ಳೆ ರೇಟ್ ಸಿಗುತ್ತದೆ, ಕದಿರು ತೆಗೆಯುವುದನ್ನು ವಿಡಿಯೋ ಮಾಡಬಹುದಾ ಅಂತ ಕೇಳಿಕೊಂಡೇ ಬರುತ್ತಾರೆ. ಇವರು ಕೊಡುವುದಿಲ್ಲ. ಗದ್ದೆಯಲ್ಲಿ 'ಪೊಲಿ ಪೊಲಿ ದೇವಾ' ಅನ್ನುವಾಗ ಪಕ್ಕದಲ್ಲಿ ಗಿರಾಕಿ ನಿಂತಿದ್ದರೆ ಅದು ಶೋ ಆಗಿಬಿಡುತ್ತದೆ ಅನ್ನುತ್ತಾರೆ. ನನಗೆ ಅದು ಪೂರ್ತಿ ಸರಿ ಅನಿಸುತ್ತದೆ.

ತೋಟದವರಿಗೆ ಇದು ಇನ್ನೂ ಕಷ್ಟ. ಕಾಫಿ ಹೂ ಅರಳಿಸುವ ಹೂಮಳೆ ಹೊತ್ತಿಗೆ ಸರಿಯಾಗಿ ಬಂದರೆ ಮುಖ ಅರಳುತ್ತದೆ, ಕಾಫಿ ರೇಟು ಬಿದ್ದರೆ ಮದುವೆ ಮನೆಯಲ್ಲೂ ಮಾತಿಲ್ಲ. ತೋಟ ಬೇರೆ ನಾನು ಬೇರೆ ಅಂತ ಯಾರಿಗೂ ಅನಿಸುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳೇ ಕುಸಿದು ಬಂದವು. ಅಪ್ಪನ ಕಾಲದ ಕಾಫಿ ಗಿಡ, ಮೆಣಸಿನ ಬಳ್ಳಿ ಹಬ್ಬಿದ ಮರ ಎಲ್ಲ ಕೆಸರಾಯಿತು. ಜೀವನವಿಡೀ ಪ್ಲಾಂಟರ್ ಅನಿಸಿಕೊಂಡವರು ಪರಿಹಾರ ಕೇಂದ್ರದಲ್ಲಿ ಹೆಸರು ಬರೆಸಲು ಸಾಲಿನಲ್ಲಿ ನಿಂತರು. ಅವರಿಗೆ ಹೋಗಿ 'ಕೆಲಸವೇ ಜೀವನ ಅಲ್ಲ' ಅಂತ ಉಪದೇಶ ಮಾಡುವಷ್ಟು ದಪ್ಪ ಚರ್ಮ ನನಗಿಲ್ಲ.

ಇಷ್ಟು ಹೊತ್ತು ಮಾತಾಡಿದ್ದು ತೋಟ ಇರುವವರ, ಸಂಬಳ ಇರುವವರ ಬಗ್ಗೆ. ತೋಟದ ಕಾರ್ಮಿಕರಿಗೆ ಕಟ್ಟಿಕೊಟ್ಟ ಸಾಲು ಮನೆ, ಅಂದರೆ ಲೈನ್ ಮನೆಯ ಬಗ್ಗೆ ಯಾರೂ ಮಾತಾಡುವುದಿಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆ, ಕಾರ್ಮಿಕರಿಗೆ ಮನೆ ಕೊಡುವ ಹೊಣೆಯನ್ನು ಮಾಲೀಕರ ಮೇಲೆ ಹಾಕಿತು. ಉದ್ದೇಶ ಒಳ್ಳೆಯದೇ. ಆದರೆ ಕೂಲಿ ಕೊಡುವವರೇ ಸೂರನ್ನೂ ಕೊಟ್ಟರೆ, ಕೆಲಸ ಬಿಟ್ಟ ದಿನ ಪಾತ್ರೆ ಪಡಗ ಹೊರಗೆ. ಲೈನ್ ಮನೆ ಬಿಟ್ಟು ಬಂದ ಎಷ್ಟೋ ಆದಿವಾಸಿ ಕುಟುಂಬಗಳು ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿದ್ದು, 2016ರ ಡಿಸೆಂಬರ್‌ನಲ್ಲಿ ಅವನ್ನು ಕಿತ್ತು ಹಾಕಿದ್ದು, ಆಮೇಲೆ ನಡೆದ ಹೋರಾಟ ನೆನಪಿರಬಹುದು. ಅವರು ಕೇಳಿದ್ದು ಯಾರ ಕೆಲಸಕ್ಕೂ ಕಟ್ಟಿಹಾಕದ ಒಂದು ಮನೆ. ಈ ವಿಷಯದಲ್ಲಿ ಕೊಡಗಿನಿಂದ ಹೊರಟ ಅತಿ ಗಟ್ಟಿ ಮಾತು ಅದೇ ಅಂತ ನನ್ನ ಅಭಿಪ್ರಾಯ.

ನಾವೋ, ಬೆಂಗಳೂರಿನ ಬಾಸ್ ಶನಿವಾರ ರಾತ್ರಿ ಒಂದು ಮೆಸೇಜ್ ಹಾಕಿದರೆ ಉರಿದು ಬೀಳುತ್ತೇವೆ. ಅದೇ ನಾವು ರಜೆಗೆ ಊರಿಗೆ ಬಂದಾಗ, ಸಂತೆ ದಿನ ಮಧ್ಯಾಹ್ನ, ಲೈನ್ ಕಡೆ ತಿರುಗಿ ಕೂಗುತ್ತೇವೆ. 'ಏ, ಸ್ವಲ್ಪ ಬಾ, ಕಾರ್ ತೊಳೀಬೇಕು.' ಎಷ್ಟೋ ಸಲ ಹೆಸರು ಕೂಡ ಇರುವುದಿಲ್ಲ, 'ಡ್ರೈವರ್', ತೋಟದ ಲೆಕ್ಕ ಬರೆಯುವವರಾದರೆ 'ರೈಟ್ರೇ', ಅಷ್ಟೇ. ವಾರಕ್ಕೊಂದು ದಿನ ಅವರೂ ಮೀನು ತಂದು, ಮಕ್ಕಳ ಜೊತೆ ಉಂಡು ಮಲಗಿರುತ್ತಾರೆ. ಕಾರು ಕೆಸರಾಗಿದ್ದರೆ ಪೈಪು ಅಂಗಳದಲ್ಲೇ ಇದೆ, ನೀವೇ ತೊಳೆಯಿರಿ.