ಸೂಜಿಯ ಭಯ ಮತ್ತು ಕಾಣದ ಕೈಗವಸು

ಕೇಳುಗರಿಗೆ ನಮಸ್ಕಾರ.

ಊಟಕ್ಕೆ ಹಠ ಹಿಡಿದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಜ್ಜಿ ಕಥೆ ಹೇಳತೊಡಗಿದರೆ, ರಾಜಕುಮಾರ ಏಳು ಸಮುದ್ರ ದಾಟುವಷ್ಟರಲ್ಲಿ ತಟ್ಟೆಯ ಅನ್ನ ಮುಗಿದಿರುತ್ತದೆ. ಎಷ್ಟು ತುತ್ತು ನುಂಗಿದೆನೆಂಬುದು ಮಗುವಿಗೆ ತಿಳಿದೇ ಇರುವುದಿಲ್ಲ. ಎಚ್ಚರವಾಗಿಯೇ ಇದ್ದು ಕಥೆಯೊಳಗೆ ಪೂರ್ತಿ ಮುಳುಗಿರುವ ಈ ಸ್ಥಿತಿಗೆ ತೀರ ಹತ್ತಿರವಾದದ್ದೇ ಸಂಮೋಹನ ಚಿಕಿತ್ಸೆಯಲ್ಲಿ ಮಗು ತಲುಪುವ ಸ್ಥಿತಿ. ಚುಚ್ಚುಮದ್ದಿನ ನೋವನ್ನೂ ಅದಕ್ಕಿಂತ ಮೊದಲೇ ಶುರುವಾಗುವ ಭಯವನ್ನೂ ಕಡಿಮೆ ಮಾಡಲು ವೈದ್ಯರು ಇದನ್ನು ಹೇಗೆ ಬಳಸುತ್ತಾರೆಂಬುದು ಇಂದಿನ ವಿಷಯ.

ಸಂಮೋಹನ ಎಂದೊಡನೆ ನಮ್ಮಲ್ಲಿ ಅನೇಕರಿಗೆ ವಶೀಕರಣವೋ ವೇದಿಕೆಯ ಮೇಲಿನ ಜಾದೂವೋ ನೆನಪಾಗುತ್ತದೆ. 1840ರ ದಶಕದಲ್ಲಿ ಸ್ಕಾಟ್ಲೆಂಡಿನ ವೈದ್ಯ ಜೇಮ್ಸ್ ಬ್ರೇಡ್ ಅವರು ಗ್ರೀಕರ ನಿದ್ರಾದೇವತೆಯ ಹೆಸರಿನಿಂದ ಬಂದ ಹಿಪ್ನಾಟಿಸಂ ಎಂಬ ಪದವನ್ನು ಬಳಕೆಗೆ ತಂದ ಮೇಲೆ ಅದೊಂದು ಬಗೆಯ ನಿದ್ರೆ ಎಂಬ ತಪ್ಪು ತಿಳಿವಳಿಕೆಯೂ ಬೆಳೆಯಿತು. ಮಗು ಇಲ್ಲಿ ನಿದ್ರಿಸುವುದೂ ಇಲ್ಲ, ಯಾರ ವಶವಾಗುವುದೂ ಇಲ್ಲ. ಎಷ್ಟೋ ಮಕ್ಕಳು ಕಣ್ಣು ತೆರೆದುಕೊಂಡೇ, ಮಾತಾಡುತ್ತಲೇ ಆ ಕಲ್ಪನೆಯೊಳಗೆ ಇಳಿಯುತ್ತಾರೆ.

ಕೆನಡಾದ ವ್ಯಾಂಕೂವರ್ ನಗರದ ಮನೋವಿಜ್ಞಾನಿ ಲಿಯೋರಾ ಕಟ್ನರ್ ಅವರು ಬಳಕೆಗೆ ತಂದ ‘ಮಾಯಾ ಕೈಗವಸು’ ಎಂಬ ವಿಧಾನವನ್ನು ನೋಡಿ. ಚಿಕಿತ್ಸಕರು ಮಗುವಿನ ಅಪ್ಪಣೆ ಪಡೆದು, ಕಣ್ಣಿಗೆ ಕಾಣದ ಗವಸೊಂದನ್ನು ತೊಡಿಸುವವರಂತೆ ಅದರ ಕೈಯನ್ನು ಒಂದೊಂದು ಬೆರಳಿನಿಂದ ಆರಂಭಿಸಿ ಮೃದುವಾಗಿ ಸವರುತ್ತಾ, ಈ ಗವಸು ಕೈಯನ್ನು ಕಾಪಾಡುತ್ತದೆ, ಏನಾದರೂ ತಾಗಿದರೂ ದೂರದಿಂದ ತಾಗಿದಂತಿರುತ್ತದೆ ಎಂದು ಹೇಳುತ್ತಾ ಹೋಗುತ್ತಾರೆ. ಬಳಿಕ ಗವಸು ತೊಟ್ಟ ಕೈಯನ್ನೂ ತೊಡದ ಕೈಯನ್ನೂ ಮೆಲ್ಲಗೆ ಮುಟ್ಟಿ, ವ್ಯತ್ಯಾಸವನ್ನು ಮಗುವೇ ಗುರುತಿಸುವಂತೆ ಮಾಡುತ್ತಾರೆ. ನನಗೆ ಇದರಲ್ಲಿ ಬಹಳ ಮುಖ್ಯವೆನಿಸುವುದು ಈ ಕೊನೆಯ ಹೆಜ್ಜೆ. ಏಕೆಂದರೆ ಅಲ್ಲಿಯವರೆಗೆ ಹಿಡಿಸಿಕೊಳ್ಳುವ, ಅದುಮಿಸಿಕೊಳ್ಳುವ ಜೀವವಾಗಿದ್ದ ಮಗುವಿಗೆ ತನ್ನ ಕೈಯಲ್ಲೂ ಒಂದು ಶಕ್ತಿಯಿದೆ ಎಂದು ಆಗ ಅರಿವಾಗುತ್ತದೆ.

ಇದು ಬರಿಯ ಪುಸಲಾವಣೆಯಲ್ಲ. ಸಂಶೋಧಕಿ ಕ್ರಿಸ್ಟೀನಾ ಲಿಯೋಸಿ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಕ್ತ ತೆಗೆಸಿಕೊಳ್ಳಬೇಕಾಗಿದ್ದ 45 ಕ್ಯಾನ್ಸರ್ ಪೀಡಿತ ಮಕ್ಕಳನ್ನು ಮೂರು ಗುಂಪು ಮಾಡಲಾಗಿತ್ತು. ಒಂದು ಗುಂಪಿಗೆ ಚರ್ಮವನ್ನು ಮರಗಟ್ಟಿಸುವ ಮುಲಾಮು ಮಾತ್ರ. ಇನ್ನೊಂದಕ್ಕೆ ಮುಲಾಮಿನ ಜೊತೆಗೆ ಚಿಕಿತ್ಸಕರ ಆತ್ಮೀಯ ಮಾತುಕತೆ. ಮೂರನೆಯದಕ್ಕೆ ಮುಲಾಮಿನ ಜೊತೆಗೆ ಸಂಮೋಹನ. ಮೂರನೆಯ ಗುಂಪಿನ ಮಕ್ಕಳಿಗೆ ನೋವೂ ಆತಂಕವೂ ಉಳಿದವರಿಗಿಂತ ಕಡಿಮೆಯಾಗಿದ್ದವು. ಅವರ ತಂದೆತಾಯಿಯರ ಕಳವಳವೂ ಇಳಿದಿತ್ತು. ಸೂಜಿಯ ನೋವಿಗೆ ಮಾನಸಿಕ ಉಪಾಯಗಳನ್ನು ಪರಿಶೀಲಿಸಿದ 59 ಪ್ರಯೋಗಗಳನ್ನು ಒಟ್ಟಿಗೆ ನೋಡಿದ ಕಾಕ್ರೇನ್ ಎಂಬ, ವೈದ್ಯಕೀಯ ಪುರಾವೆಗಳನ್ನು ಒರೆಗೆ ಹಚ್ಚುವ ಸಂಸ್ಥೆಯ 2018ರ ವಿಮರ್ಶೆಯೂ ಸಂಮೋಹನದ ಪರವಾಗಿಯೇ ಇದೆ. ಆದರೆ ಪುರಾವೆಗಳ ಗುಣಮಟ್ಟ ಇನ್ನೂ ಸುಧಾರಿಸಬೇಕೆಂದು ಅದೇ ವಿಮರ್ಶೆ ಹೇಳುವುದನ್ನೂ ಮರೆಮಾಚಬಾರದು. ಆದ್ದರಿಂದ ಸಂಮೋಹನವು ಮುಲಾಮಿನ ಜೊತೆಗಿರಬೇಕೇ ಹೊರತು ಅದರ ಬದಲಿಗೆ ಅಲ್ಲ.

ಇನ್ನೊಂದು ಮಾತನ್ನು ಸಂಕಟದಿಂದಲೇ ಹೇಳಬೇಕಾಗಿದೆ. “ಹಠ ಮಾಡಿದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಸೂಜಿ ಚುಚ್ಚಿಸ್ತೀನಿ” ಎಂಬ ಬೆದರಿಕೆ ನಮ್ಮ ಎಷ್ಟು ಮನೆಗಳಲ್ಲಿ ದಿನವೂ ಕೇಳಿಸುತ್ತದೆ! ಅದೂ ಮಗುವಿನ ಮನಸ್ಸಿಗೆ ಕೊಡುವ ಸೂಚನೆಯೇ. ಸೂಜಿ ಎಂದರೆ ಶಿಕ್ಷೆ ಎಂಬುದನ್ನು ಅದು ಆಳವಾಗಿ ಊರಿಬಿಡುತ್ತದೆ. “ಸ್ವಲ್ಪವೂ ನೋವಾಗೋದಿಲ್ಲ” ಎಂಬ ಸುಳ್ಳು ಅದಕ್ಕಿಂತ ಮೇಲೇನಲ್ಲ, ಏಕೆಂದರೆ ಮುಂದಿನ ಸಲ ಮಗು ನಮ್ಮನ್ನು ನಂಬುವುದಿಲ್ಲ. ಲಸಿಕೆ ಹಾಕುವಾಗ ಸಿಬ್ಬಂದಿ ಶಾಂತವಾಗಿರಬೇಕು, ಆಡುವ ಮಾತಿನಲ್ಲಿ ಎಚ್ಚರವಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಸಲಹೆ ನೀಡಿದೆ.

ಸಂಮೋಹನ ಚಿಕಿತ್ಸೆಯನ್ನು ತರಬೇತಿ ಪಡೆದ ವೈದ್ಯರು ಅಥವಾ ಮನೋವಿಜ್ಞಾನಿಗಳೇ ಕಲಿಸಬೇಕು. ಒಮ್ಮೆ ಕಲಿತ ಮೇಲೆ ದೊಡ್ಡ ಮಕ್ಕಳು ಅದನ್ನು ತಾವೇ ಮಾಡಿಕೊಳ್ಳಬಲ್ಲರು. ದಿನಕ್ಕೆ ಹಲವು ಬಾರಿ ಇನ್ಸುಲಿನ್ ತೆಗೆದುಕೊಳ್ಳುವ, ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಯಿಂದಾಗಿ ಮತ್ತೆ ಮತ್ತೆ ರಕ್ತ ಪಡೆಯುವ ಮಕ್ಕಳಿಗೆ ಇದರಿಂದ ಆಗುವ ಉಪಕಾರ ದೊಡ್ಡದು. ಸೂಜಿ ಹೊರಬಂದ ಮೇಲೆ ಗವಸನ್ನು ಒಂದೊಂದೇ ಬೆರಳಿನಿಂದ ಬಿಚ್ಚಿ, ಕೈಗೆ ಮೊದಲಿನ ಸ್ಪರ್ಶವನ್ನು ಮರಳಿಸಬೇಕು. ಬಿಚ್ಚಿದ ಗವಸನ್ನು ಮುಂದಿನ ಸಲಕ್ಕೆಂದು ಎಲ್ಲಿ ಇಟ್ಟುಕೊಳ್ಳಬೇಕೆಂಬುದನ್ನು ಮಗುವೇ ತೀರ್ಮಾನಿಸಲಿ.

ನಮಸ್ಕಾರ.